ವಿಠ್ಠಲರಾವ್ ಕಂಡಕ್ಟರರ ಕೆನಡಾ

ಸಸ್ಕಾಚೆವಾನ್ ಎಂಬ ಹೆಸರನ್ನು ಎಲ್ಲಿಯೂ ತಡವರಿಸದೆ, ಹುಮನಾಬಾದ ಅಂದಷ್ಟೇ ಸಲೀಸಾಗಿ ಹೇಳಬಲ್ಲವರು ಇಡೀ ಭಾಲ್ಕಿಯಲ್ಲಿ ಒಬ್ಬರೇ ಇದ್ದರು, ನಮ್ಮ ವಿಠ್ಠಲರಾವ್ ಕಂಡಕ್ಟರ್. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಮಂಡಕ್ಕಿ ಸುಸಲಾ ತಿಂದು, ಚಹಾವನ್ನು ಬಸಿಗೆ ಬಗ್ಗಿಸಿಕೊಂಡು, ಸೊರ್ರೆಂದು ಒಂದು ಗುಟುಕು ಎಳೆದ ಮೇಲೆ ಅವರ ಕೆನಡಾ ಶುರುವಾಗುತ್ತಿತ್ತು. "ಸಸ್ಕಾಚೆವಾನ್‌ದಾಗ ನಿನ್ನಿ ಭಾಳ ಬರ್ಫ ಬಿದ್ದದರಿ. ಪ್ರೀಮಿಯರ್ ಬಜೆಟ್ ಇಟ್ಟಾನ. ನಂಗೇನು ಪಸಂದ ಬಂದಿಲ್ಲ." ಪ್ರೀಮಿಯರ್ ಎಂದರೆ ಅಲ್ಲಿಯ ಒಂದೊಂದು ಪ್ರಾಂತ್ಯದ ಮುಖ್ಯಮಂತ್ರಿ, ಇದನ್ನು ನಮಗೆಲ್ಲ ಕಲಿಸಿದವರೂ ಅವರೇ. ಭಾಲ್ಕಿಯ ಒಬ್ಬ ರಿಟೈರ್ಡ್ ಕಂಡಕ್ಟರಿಗೆ ತನ್ನ ಬಜೆಟ್ಟು ಪಸಂದ್ ಬಂದಿಲ್ಲವೆಂದು ಆ ಪುಣ್ಯಾತ್ಮನಿಗೆ ಯಾರಾದರೂ ತಿಳಿಸಿದರೋ ಇಲ್ಲವೋ, ನಾನರಿಯೆ.

ನಾನು ಸಲೀಂ. ಆ ಹೋಟೆಲಿನ ಹಿಂದಿನ ಗಲ್ಲಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ಸಿದೆ. ಫ್ಲೆಕ್ಸ್ ಬಂದ ಮೇಲೆ ದಂಧೆ ಕೂತಿತು, ಮೊಬೈಲ್ ಬಂದ ಮೇಲೆ ಮಲಗಿಯೇ ಬಿಟ್ಟಿತು. ಆದರೂ ಮದುವೆ ಕಾರ್ಡು, ರಸೀದಿ ಪುಸ್ತಕ, ಪುಣ್ಯಸ್ಮರಣೆಯ ಪತ್ರಿಕೆ ಎಂದು ಹೇಗೋ ತಳ್ಳಿಕೊಂಡು ಹೊರಟಿದ್ದೇನೆ. ನನಗೆ ಮಂದಿಯ ಮಾತು ಬೇಗ ಬೇಸರ ಬರುತ್ತದೆ. ನನ್ನ ಬಗ್ಗೆ ನನ್ನ ಹೆಂಡತಿಯ ದೊಡ್ಡ ತಕರಾರು ಇದೇ. ವಿಠ್ಠಲರಾವರ ಮಾತಿಗೂ ಮುಖ ಗಂಟಿಕ್ಕಿಕೊಂಡೇ ಕೂಡುತ್ತಿದ್ದೆ. ಆದರೆ ಅವರು ಬರದ ದಿನ ಹೋಟೆಲಿನಲ್ಲಿ ಹೆಚ್ಚು ಹೊತ್ತು ಕೂಡಲು ಮನಸ್ಸಾಗುತ್ತಿರಲಿಲ್ಲ.

ಅವರ ಅಭಿಪ್ರಾಯಗಳು ಒಂದೆರಡಲ್ಲ. ಕೆನಡಾದ ನಾಣ್ಯದ ಮೇಲೆ ಇನ್ನೂ ರಾಜನ ಮುಖ ಇರುವುದು ಅವರಿಗೆ ಸೇರುತ್ತಿರಲಿಲ್ಲ. "ನಾವು ನಿಜಾಮಗ ಕಳಿಸಿ ಎಷ್ಟು ವರ್ಷ ಆಯ್ತು. ಇವರು ಇನ್ನಾ ಸಮುದ್ರದ ಆಚಿ ಕಡಿ ರಾಜಾಗ ಸಲಾಮ ಹೊಡೀಲತ್ತಾರ ನೋಡ್ರಿ" ಎಂದು ಮುಖ ಸಿಂಡರಿಸುತ್ತಿದ್ದರು. ಅಲ್ಲಿಯ ಸೆನೆಟ್ ಕಂಡರಂತೂ ಅವರಿಗೆ ಆಗುತ್ತಲೇ ಇರಲಿಲ್ಲ. "ಅದಕ್ಕ ಚುನಾವಣಿನೇ ಇಲ್ಲರಿ. ಒಮ್ಮಿ ಕುಂತ್ರ ಎಪ್ಪತ್ತೈದು ವಯಸ್ಸಿನ ತನಕ ಏಳಂಗಿಲ್ಲ. ನಮಗ ಅರವತ್ತಕ್ಕೇ ಟಿಕೀಟ್ ಮಶೀನ್ ಕಸ್ಕೊಂಡು ಮನಿಗಿ ಕಳಿಸಿದ್ರು. ಸರ್ಕಾರ ಸುಧಾರಸೋದು ಇದ್ರ ಮೊದಲ ಅಲ್ಲಿಂದ ಶುರು ಮಾಡ್ಲಿ." ಕ್ವಿಬೆಕ್ ಪ್ರಾಂತ್ಯದ ಫ್ರೆಂಚ್ ಭಾಷೆಯ ಜಗಳವನ್ನು ನಮಗೆ ಅವರು ಒಂದೇ ಮಾತಿನಲ್ಲಿ ತಿಳಿಸಿಕೊಟ್ಟಿದ್ದರು. "ಕ್ವಿಬೆಕ್ ಅಂದ್ರ ಅವರ ಔರಾದ ತಾಲ್ಲೂಕರಿ. ಮನಿಯಾಗ ಒಂದು ಭಾಷಾ, ಕಚೇರಿಯಾಗ ಒಂದು ಭಾಷಾ, ಬೋರ್ಡಿನ ಮ್ಯಾಲ ಯಾವುದು ದೊಡ್ಡದಾಗಿ ಬರೀಬೇಕಂತ ತಕರಾರು." ಅವರೂ ಆ ಮರಾಠಿ ಗಡಿಯ ಔರಾದ ಕಡೆಯವರೇ. ಹಾಗಾಗಿ ಯಾರೂ ಎದುರು ಮಾತಾಡಲಿಲ್ಲ.

ಆಟೋದ ಜಲೀಲ್ ಒಮ್ಮೆ ಕೆಣಕಿದ. "ರಾವಸಾಬ, ನಮ್ಮ ಸ್ಟೇಶನ್ ರೋಡಿನ ತಗ್ಗ ಕೆನಡಾದವರು ಯಾವಾಗ ಮುಚ್ಚತಾರ, ಜರಾ ಕೇಳಿ ಹೇಳ್ರಿ." ವಿಠ್ಠಲರಾವ್ ಬಸಿಯನ್ನು ಕೆಳಗಿಟ್ಟು ಶಾಂತವಾಗಿ, "ನೀ ವೋಟ್ ಹಾಕಿ ಕಳಿಸಿದವನಿಗಿ ನೀ ಕೇಳಪ್ಪ. ನಾ ಅಲ್ಲಿ ವೋಟ್ ಹಾಕಿಲ್ಲ, ಬರೇ ವಿಚಾರ ಮಾಡ್ತೇನಿ" ಅಂದರು. ಹೋಟೆಲಿಗೆ ಹೋಟೆಲೇ ನಕ್ಕಿತು. ಜಲೀಲನೂ ನಕ್ಕ.

ಆದರೆ ಅವರು ಹೇಳಿದ್ದೆಲ್ಲ ಸರಿ ಇರುತ್ತಿತ್ತೆಂದು ತಿಳಿಯಬೇಡಿ. ಕೆನಡಾದ ರಾಜಧಾನಿ ಟೊರಾಂಟೊ ಎಂದು ಹಾರ್ಡ್‌ವೇರ್ ಅಂಗಡಿಯವನ ಜೊತೆ ಅರ್ಧ ದಿನ ಗುದ್ದಾಡಿದ್ದರು. ಮರುದಿನ ಬೆಳಿಗ್ಗೆ ಬಂದವರೇ, ಕೂಡುವ ಮೊದಲು, ನಿಂತುಕೊಂಡೇ, "ನಿನ್ನಿ ನಾ ಅಂದಿದ್ದು ತಪ್ಪದರಿ. ಅಲ್ಲಿ ಇರೋ ಮಗಳಿಗಿ ಕೇಳ್ದೆ, ಒಟ್ಟಾವಾ ಅಂತ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆ ಅಂಗಡಿಯವನು ಅಂದು ಹೋಟೆಲಿಗೆ ಬಂದಿರಲಿಲ್ಲ. ಅವನ ಅಂಗಡಿಗೇ ಹೋಗಿ ಇನ್ನೊಮ್ಮೆ ಹೇಳಿ ಬಂದರು. ಎಲ್ಲಿ ತಪ್ಪಿದರೋ ಅಲ್ಲಿಯೇ, ಅದೇ ಮಂದಿಯ ಮುಂದೆ ಒಪ್ಪಿಕೊಳ್ಳುವುದು ಅವರ ಪದ್ಧತಿ. ಇಂಥ ಮನುಷ್ಯ ಒಂದು ತಪ್ಪನ್ನು ಮಾತ್ರ ಹೋಟೆಲಿನಲ್ಲಿ ಹೇಳಲಾರದೆ ಹೋದರು. ಅದು ಗೊತ್ತಿದ್ದದ್ದು ನನಗೊಬ್ಬನಿಗೆ.

ಅವರಿಗೆ ನಿಜವಾಗಿ ಮೈ ಬಿಸಿ ಆಗುತ್ತಿದ್ದದ್ದು ಹರತಾಳದ ಸುದ್ದಿ ಬಂದಾಗ. ಅಲ್ಲಿಯ ರೈಲಿನವರು, ಅಂಚೆಯವರು, ಬಂದರಿನವರು, ಯಾರು ಕೆಲಸ ನಿಲ್ಲಿಸಿದರೂ ಇಲ್ಲಿ ವಿಠ್ಠಲರಾವರ ದನಿ ಏರುತ್ತಿತ್ತು. "ಅಲ್ಲಿ ಮಾಲಕರೂ ಹರತಾಳ ಮಾಡ್ತಾರರಿ. ಬಾಗಲಾ ಹಾಕ್ಕೊಂಡು, ನೀವು ಒಳಗ ಬರಬ್ಯಾಡ್ರಿ ಅಂತ ಕೆಲಸಗಾರರಿಗಿ ಹೊರಗ ನಿಲ್ಲಸ್ತಾರ. ಆಮ್ಯಾಲ ಮಂತ್ರಿ ಬಂದು ಎಲ್ಲಾರೂ ಕೆಲಸಕ್ಕ ಹೋಗ್ರಿ ಅಂತಾನ. ಜಗಳ ಬಗೀಹರಿಲಾರದೇ ಕೆಲಸ ಶುರು ಮಾಡಸೋದು ಯಾವ ನ್ಯಾಯರಿ?" ಅಲ್ಲಿಂದ ಸೀದಾ ನಮ್ಮ ಬಸ್ಸುಗಳಿಗೆ ಬಂದುಬಿಡುತ್ತಿದ್ದರು. "ಇಲ್ಲಿ ಕರೆಂಟ್ ಬಸ್ಸಿಗಿ ಗುತ್ತಿಗಿ ಡ್ರೈವರ್, ಅಲ್ಲಿ ಅಂಚಿಯ ರವಿವಾರದ ಪಾರ್ಸೆಲ್ಲಿಗಿ ಗುತ್ತಿಗಿ ಮಂದಿ. ಸರ್ಕಾರ ಸುಧಾರಣಿ ಅಂದಾಗೆಲ್ಲ ಎಲ್ಲೋ ಒಬ್ಬಂದು ನೌಕ್ರಿ ಹೋಗ್ತದ, ಬೇಕಾದ್ರ ಬರ್ದಿಟ್ಕೋರಿ."

ಬರೆದಿಟ್ಟುಕೊಂಡಿದ್ದೆವು ಕೂಡ. ಅವರು ಭಾಲ್ಕಿ ಡಿಪೋದ ಯೂನಿಯನ್ ಲೀಡರ್ ಆಗಿದ್ದಷ್ಟು ವರ್ಷ ಅದರ ಕರಪತ್ರಗಳೆಲ್ಲ ನನ್ನ ಪ್ರೆಸ್ಸಿನಲ್ಲೇ ಅಚ್ಚಾಗುತ್ತಿದ್ದವು. ಮಶೀನ್ ತಿರುಗಲು ಶುರುವಾದ ಮೇಲೆ ಓಡುತ್ತ ಬಂದು, "ಸಲೀಂ ಭಾಯಿ, ಜರಾ ನಿಲ್ಲಸ್ರಿ, ಇನ್ನೊಂದು ಲೈನ್ ಅದ" ಅನ್ನುತ್ತಿದ್ದರು. ನಾನು ಬೈಯುತ್ತಿದ್ದೆ. ಅವರು ಬೈಸಿಕೊಂಡು, ಆ ಲೈನನ್ನು ಸೇರಿಸಿಯೇ ಹೋಗುತ್ತಿದ್ದರು.

ಇಲ್ಲಿ ಬುತ್ತಿಯ ಸಂಗತಿ ಹೇಳಬೇಕು. ವಸ್ತಿ ಗಾಡಿ ಅಂದರೆ ಸಂಜೆ ಹಳ್ಳಿಗೆ ಹೋಗಿ, ರಾತ್ರಿ ಅಲ್ಲೇ ತಂಗಿ, ನಸುಕಿನಲ್ಲಿ ಮಂದಿಯನ್ನು ತುಂಬಿಕೊಂಡು ಬರುವ ಬಸ್ಸು. ಡ್ರೈವರ್, ಕಂಡಕ್ಟರ್ ಇಬ್ಬರೂ ಮನೆಯಿಂದ ತಂದ ಬುತ್ತಿಯನ್ನು ಒಂದೇ ಅರಿವೆಯ ಮೇಲೆ ಬಿಚ್ಚಿ, ಇವರ ರೊಟ್ಟಿ ಅವರ ಪಲ್ಯ ಎಂದು ನೋಡದೆ ಕೂಡಿ ಉಣ್ಣುವುದು ಆ ಡಿಪೋದ ರಿವಾಜು. ಯಾವ ಜಾತಿಯವರು ಯಾರ ಜೊತೆ ಡ್ಯೂಟಿಗೆ ಬಿದ್ದರೂ ಅಷ್ಟೇ. ವಿಠ್ಠಲರಾವರಿಗೆ ಯೂನಿಯನ್ ಅಂದರೆ ಮೊದಲು ಇದು, ಪಗಾರ ಆಮೇಲೆ. "ನಮ್ಮ ಅಪ್ಪಗ ಊರ ಹೋಟೆಲದಾಗ ಚಹಾದ ಕಪ್ಪು ಬ್ಯಾರೆ ಇಡ್ತಿದ್ರು ಸಲೀಂ ಭಾಯಿ. ಕುಡುದು, ತೊಳೆದು, ಗೋಡಿ ಮ್ಯಾಲ ಇಟ್ಟು ಬರ್ತಿದ್ದ. ನಾ ಡ್ಯೂಟಿಗಿ ಹೋದ ಮೊದಲ ದಿವಸ ಒಬ್ಬ ಗೌಡರ ಡ್ರೈವರ್ ತನ್ನ ಬುತ್ತಿ ಬಿಚ್ಚಿ, ಉಣ್ಣು ಬಾರೋ ತಮ್ಮಾ ಅಂದ. ನಂಗ ಆವತ್ತ ತುತ್ತು ಇಳೀಲಿಲ್ಲ." ಇದನ್ನು ಅವರು ಎಷ್ಟೋ ಸಲ ಹೇಳಿದ್ದರು.

ಇದೇ ಬುತ್ತಿಯನ್ನು ಅವರು ಶಿಕ್ಷೆಯೂ ಮಾಡಿದರು. ಬಹಳ ವರ್ಷಗಳ ಹಿಂದೆ ಡಿಪೋದಲ್ಲಿ ಒಂದು ಹರತಾಳ ನಡೆದಿತ್ತು. ಖಟಕ ಚಿಂಚೋಳಿಯ ಶಿವರಾಜ ಆಗ ಹೊಸದಾಗಿ ಸೇರಿದ್ದ ಡ್ರೈವರ್, ನೌಕರಿ ಇನ್ನೂ ಕಾಯಂ ಆಗಿರಲಿಲ್ಲ, ಹೆಂಡತಿ ತುಂಬಿದ ಬಸುರಿ. ಗಾಡಿ ತೆಗೆಯದಿದ್ದರೆ ಮನೆಗೆ ಕಳಿಸುತ್ತೇವೆಂದು ಮೇಲಿನವರು ಹೆದರಿಸಿದರು. ಅವನು ಗಾಡಿ ತೆಗೆದ. ಹರತಾಳ ಮುಗಿದ ದಿನವೇ ವಿಠ್ಠಲರಾವ್ ಡಿಪೋದ ಗೇಟಿನಲ್ಲಿ ನಿಂತು ಹೇಳಿದರು: "ಇವತ್ತಿಂದ ಶಿವರಾಜನ ಜೋಡಿ ಯಾರೂ ಬುತ್ತಿ ಬಿಚ್ಚಬಾರದು." ಯಾರೂ ಬಿಚ್ಚಲಿಲ್ಲ. ಕಂಡಕ್ಟರ್ ಮುಂದಿನ ಸೀಟಿನಲ್ಲಿ, ಶಿವರಾಜ ಹಿಂದಿನ ಸೀಟಿನಲ್ಲಿ. ಅವನು ಔರಾದಿಗೆ ಬದಲಿ ಮಾಡಿಸಿಕೊಂಡು ಹೋಗುವ ತನಕ ವರ್ಷಗಟ್ಟಲೆ ಹೀಗೇ ನಡೆಯಿತು. ನಾನೊಮ್ಮೆ, "ಸಾಕು ಬಿಡ್ರಿ ರಾವಸಾಬ, ಹೆಂಡತಿ ಬಸುರಿ ಇದ್ಳಂತ" ಅಂದೆ. "ಎಲ್ಲಾರ ಮನಿಯಾಗೂ ಹೆಂಡ್ರು ಮಕ್ಕಳು ಇದ್ರು. ಎಲ್ಲಾರೂ ಅಂಜಿದ್ರು. ಅಂಜಿನೂ ನಿಂತ್ರು" ಎಂದು ಮಾತು ಕಡಿದುಬಿಟ್ಟರು. ತಮ್ಮ ಅಪ್ಪನಿಗೆ ಮಾಡಿದ್ದನ್ನೇ ಇನ್ನೊಬ್ಬನಿಗೆ ಮಾಡುತ್ತಿದ್ದೇನೆಂದು ಆ ಮನುಷ್ಯನಿಗೆ ಆಗ ಹೊಳೆಯಲಿಲ್ಲ. ಹೊಳೆದಾಗ ಬಹಳ ತಡವಾಗಿತ್ತು.

ಸುಜಾತಾ ಅವರ ಒಬ್ಬಳೇ ಮಗಳು. ತಾಯಿ ಇಲ್ಲದ ಹುಡುಗಿ. ಬೀದರಿನಲ್ಲಿ ನರ್ಸಿಂಗ್ ಕಲಿತು, ಹೈದರಾಬಾದಿನ ದವಾಖಾನೆಯಲ್ಲಿ ಕೆಲವು ವರ್ಷ ದುಡಿದು, ಸಸ್ಕಾಚೆವಾನಿನ ಒಂದು ಸಣ್ಣ ಊರಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಇವರ ಕೆನಡಾ ಶುರುವಾದದ್ದು ಹಾಗೆ. ಮಗಳು ಕರೆದರೂ ಹೋಗಲಿಲ್ಲ. "ವಿಚಾರ ಮಾಡೋದು ಇಲ್ಲಿಂದನೂ ಆಗ್ತದ" ಅಂದರು.

ನಮ್ಮ ಸಂಜೆ ಅವಳಿಗೆ ಬೆಳಗು. ಡ್ಯೂಟಿಗೆ ಹೋಗುವ ಮೊದಲು ಅವಳು ಅಪ್ಪನಿಗೆ ಫೋನ್ ಮಾಡುತ್ತಿದ್ದಳು. ಅಪ್ಪ ಅಷ್ಟೊತ್ತಿಗೆ ನನ್ನ ಪ್ರೆಸ್ಸಿಗೆ ಬಂದು ಕೂಡುತ್ತಿದ್ದರು. ಅವರ ಮನೆಯಲ್ಲಿ ಫೋನು ಹಿಡಿಯುತ್ತಿರಲಿಲ್ಲ, ನನ್ನಲ್ಲಿ ವೈಫೈ ಇತ್ತು. ಮಾತಾಡುವುದು ಸ್ಪೀಕರ್ ಹಾಕಿಕೊಂಡೇ. ಹೀಗಾಗಿ ಆ ಹುಡುಗಿ ಏನು ಉಂಡಳು, ಎಷ್ಟು ಸ್ವೆಟರ್ ಹಾಕಿಕೊಂಡಳು, ಯಾವ ಅಜ್ಜಿ ಅವಳ ಕೈ ಹಿಡಿದು ಅತ್ತಳು, ಎಲ್ಲ ನನಗೂ ಗೊತ್ತಾಗುತ್ತಿತ್ತು. ನನಗೆ ಅವಳು ಚಾಚಾ ಅನ್ನುತ್ತಿದ್ದಳು.

ಆ ಚಳಿಗಾಲ ಅವಳು ದುಡಿಯುವ ಮನೆಯಲ್ಲೇ ಹರತಾಳದ ಮಾತು ಎದ್ದಿತು. ಮಂದಿಯನ್ನು ಕಡಿಮೆ ಮಾಡಿ, ಇದ್ದವರ ಮೇಲೆಯೇ ಕೆಲಸ ಹೇರಿದ್ದರಂತೆ. ಯೂನಿಯನ್ ವೋಟು ಹಾಕಿ ಹರತಾಳ ಗೊತ್ತು ಮಾಡಿತು. ವಿಠ್ಠಲರಾವರ ಸಂಭ್ರಮ ನೋಡಬೇಕಿತ್ತು. ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಹೇಳಿದರು. ಮಗಳಿಗೆ ಫೋನಿನಲ್ಲಿ, "ಬೆಂಕಿ ಕಾಸ್ಲಿಕ್ಕಿ ಡ್ರಮ್ ಇಡ್ರಿ, ಥಂಡಿಯಾಗ ಮಂದಿ ನಿಲ್ಲಂಗಿಲ್ಲ. ಹಾಡು ಹಾಡ್ರಿ. ಪಾಳಿ ಮ್ಯಾಲ ನಿಲ್ರಿ" ಎಂದು ಪಾಠ ಮಾಡಿದರು. ಅವಳು ನಗುತ್ತ, "ಹೂಂ ಅಪ್ಪಾ, ಹೂಂ ಅಪ್ಪಾ" ಅನ್ನುತ್ತಿದ್ದಳು.

ಹರತಾಳ ಶುರುವಾದ ಹೊಸತರಲ್ಲೇ ಯಾವುದೋ ಕೆಲಸಕ್ಕೆ ಬೀದರಿಗೆ ಹೋಗಿದ್ದರು. ಅಲ್ಲಿ ಪರದೇಶಕ್ಕೆ ಹುಡುಗರನ್ನು ಕಳಿಸುವ ಒಬ್ಬ ಏಜೆಂಟ್ ಪರಿಚಯದವನಿದ್ದ. ಇವರು ಹೆಮ್ಮೆಯಿಂದ ಮಗಳ ಹರತಾಳದ ಸುದ್ದಿ ಹೇಳಿದರೆ ಅವನು ಗಾಬರಿಯಾಗಿ, "ಅಕಿಂದು ಪಿ.ಆರ್. ಇನ್ನಾ ಆಗಿಲ್ಲಲ್ಲರಿ? ಗದ್ದಲದಾಗ ಎಲ್ಯರೆ ಪೊಲೀಸ್ ಕೇಸ್ ಬಿತ್ತಂದ್ರ ಸೀದಾ ವಿಮಾನ ಹತ್ತಸ್ತಾರ" ಅಂದುಬಿಟ್ಟ. ಪಿ.ಆರ್. ಅಂದರೆ ಅಲ್ಲೇ ಕಾಯಂ ಇರಬಹುದೆಂದು ಕೊಡುವ ಕಾಗದ. ಆ ಏಜೆಂಟನಿಗೆ ಏನು ತಿಳಿಯುತ್ತಿತ್ತೋ ದೇವರೇ ಬಲ್ಲ. ಸಂಜೆ ಬೀದರಿನ ಬಸ್ಸಿಳಿದು ಪ್ರೆಸ್ಸಿಗೆ ಬಂದ ವಿಠ್ಠಲರಾವರ ಮುಖ ಸುಣ್ಣದಂತಾಗಿತ್ತು. ಫೋನ್ ಬಂತು.

"ಸುಜಾ, ನೀ ಒಳಗ ಹೋಗು."

"ಎಲ್ಲಿ ಒಳಗ ಅಪ್ಪಾ?"

"ಡ್ಯೂಟಿಗಿ. ಹರತಾಳದಾಗ ನಿಲ್ಲಬ್ಯಾಡ. ನಿಂದು ಕಾಗದ ಇನ್ನಾ ಆಗಿಲ್ಲ."

ಅವಳು, "ಕಾಗದಕ್ಕ ಏನೂ ಆಗಂಗಿಲ್ಲ ಅಂತ ಯೂನಿಯನ್‌ದವರು ಹೇಳ್ಯಾರ ಅಪ್ಪಾ" ಅಂದಳು.

"ಯೂನಿಯನ್‌ದವರು ಹಂಗೇ ಹೇಳ್ತಾರ. ನಾನೂ ಹಂಗೇ ಹೇಳ್ತಿದ್ದೆ."

ನಾನು ಕತ್ತರಿಸುತ್ತಿದ್ದ ಕಾಗದ ಬಿಟ್ಟು ಅವರ ಮುಖ ನೋಡಿದೆ. ಅವರು ನನ್ನ ಕಡೆ ನೋಡಲಿಲ್ಲ.

"ನೀವೇ ಹಿಂಗ ಅಂದ್ರ ಹ್ಯಾಂಗ ಅಪ್ಪಾ?"

"ನನ್ನ ಮಾತ ಕೇಳು ಸುಜಾ. ನಂಗ ನೀ ಒಬ್ಬಾಕಿ ಇದ್ದಿ."

ಅವಳು, "ಆಯ್ತು ಅಪ್ಪಾ, ಹೋಗ್ತೇನಿ. ನೀವು ಫಿಕರ್ ಮಾಡಬ್ಯಾಡ್ರಿ. ಬಿಪಿ ಗುಳಗಿ ತಗೋರಿ" ಅಂದಳು.

ಫೋನ್ ಇ‍ಟ್ಟ ಮೇಲೆ ಅವರು ನೀರು ಕೇಳಿ ಕುಡಿದರು. ನಾನು ಕೆದಕಲಿಲ್ಲ. ತಾಯಿಯಿಲ್ಲದ ಮಗಳು, ಅಷ್ಟು ದೂರ, ಬರ್ಫಿನಲ್ಲಿ. ಅಪ್ಪನಾದವನು ಅಂಜಿದರೆ ಯಾವ ಬಾಯಿಯಿಂದ ತಪ್ಪೆನ್ನಲಿ? ಆ ಏಜೆಂಟ್ ಸಿಕ್ಕಿದ್ದರೆ ನಾಲ್ಕು ಮಾತು ಅನ್ನುತ್ತಿದ್ದೆ.

ಮರುದಿನ ಸಂಜೆ ಅವಳ ಫೋನ್ ಬಂದಾಗ ಇವರು ಮೊದಲು ಕೇಳಿದ್ದು, "ನಿನ್ನಿ ಹೋಗಿದ್ದಿ?"

"ಹೋಗಿದ್ದೆ ಅಪ್ಪಾ."

"ಊಟ ಯಾರ ಜೋಡಿ ಮಾಡ್ದಿ?"

"ಒಬ್ಬಾಕೇ ಮಾಡ್ದೆ."

ವಿಠ್ಠಲರಾವ್ ಕಣ್ಣು ಮುಚ್ಚಿಕೊಂಡರು. ಅವರ ಎದೆಯಲ್ಲಿ ಏನು ಇರಿಯಿತೆಂದು ನನಗೆ ಆ ಕ್ಷಣದಲ್ಲೇ ತಿಳಿಯಿತು. ಹಿಂದಿನ ಸೀಟಿನಲ್ಲಿ ಕೂತ ಶಿವರಾಜ ನನಗೂ ಕಂಡ.

ಹರತಾಳ ಕೆಲವು ವಾರ ನಡೆಯಿತು. ದಿನಾಲು ಅದೇ ಸವಾಲು, ಅದೇ ಜವಾಬು. ಒಬ್ಬಾಕೇ ಮಾಡ್ದೆ ಅಪ್ಪಾ. ಕೊನೆಗೆ ಏನೋ ರಾಜಿ ಆಯಿತು, ಮಂದಿ ಕೆಲಸಕ್ಕೆ ಮರಳಿದರು. "ಈಗ ಎಲ್ಲಾರೂ ಮಾತಾಡಸ್ತಾರೇನು ನಿನಗ?" ಎಂದು ಇವರು ಕೇಳಿದರೆ, "ಛಲೋ ಮಾತಾಡಸ್ತಾರ ಅಪ್ಪಾ" ಎಂದು ಅವಳು ನಗುತ್ತ ಹೇಳಿದಳು. ಫೋನ್ ಇಟ್ಟು ಇವರು ನನ್ನ ಕಡೆ ತಿರುಗಿದರು. "ಸುಳ್ಳ ಹೇಳ್ತಾಳ ಸಲೀಂ ಭಾಯಿ. ನಂಗ ದುಃಖ ಆಗ್ತದಂತ ಸುಳ್ಳ ಹೇಳ್ತಾಳ. ಗಾಡಿ ತೆಗೆದವಗ ಮಂದಿ ಹ್ಯಾಂಗ ಮಾತಾಡಸ್ತಾರ ಅಂಬೋದು ನನಗಿಂತ ಛಲೋ ಯಾರಿಗಿ ಗೊತ್ತದ?"

ಒಂದು ರವಿವಾರ ನನ್ನನ್ನು ಕರೆದುಕೊಂಡು ಖಟಕ ಚಿಂಚೋಳಿಗೆ ಹೊರಟರು. ಪಕ್ಕದ ಮನೆಯ ಹೆಣ್ಣುಮಗಳಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮಾಡಿಸಿ, ಬಿಳಿ ಅರಿವೆಯಲ್ಲಿ ಬುತ್ತಿ ಕಟ್ಟಿಕೊಂಡಿದ್ದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತಿದ್ದರು. ಶಿವರಾಜನೂ ಈಗ ರಿಟೈರ್ಡ್. ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದವನು ಎದ್ದು ಬಂದು, "ಬರ್ರಿ ಲೀಡರ್, ಕೂಡ್ರಿ" ಎಂದು ಹೊರಸು ಹಾಕಿದ. ಮುಖದಲ್ಲಿ ಸಿಟ್ಟೂ ಇಲ್ಲ, ಸಂತೋಷವೂ ಇಲ್ಲ. ಹೆಂಡತಿ ನೀರು ತಂದುಕೊಟ್ಟು ಒಳಗೆ ಹೋದಳು.

ಆ ಮಾತು ಈ ಮಾತು ಆದ ಮೇಲೆ ವಿಠ್ಠಲರಾವ್ ಬುತ್ತಿಯ ಗಂಟಿಗೆ ಕೈ ಹಚ್ಚಿ, "ಶಿವರಾಜ, ಬಾ, ಉಣ್ಣಾನು" ಅಂದರು.

ಶಿವರಾಜ ಬುತ್ತಿಯನ್ನೇ ನೋಡುತ್ತ ನಿಂತ. "ನಂದು ಈಗೇ ಊಟ ಆಯ್ತರಿ. ನೀವು ಉಣ್ರಿ, ಮಜ್ಜಿಗಿ ತರಸ್ತೇನಿ."

ಒಳಗೆ ಅವನ ಹೆಂಡತಿ ರೊಟ್ಟಿ ಬಡಿಯುವ ಸದ್ದು ನಮಗೆಲ್ಲ ಕೇಳಿಸುತ್ತಿತ್ತು. ಆ ಮನೆಯಲ್ಲಿ ಇನ್ನೂ ಯಾರ ಊಟವೂ ಆಗಿರಲಿಲ್ಲ.

"ನಂದು ತಪ್ಪಾಗ್ಯಾದ" ಅಂದರು ವಿಠ್ಠಲರಾವ್.

"ಇರ್ಲಿ ಬಿಡ್ರಿ ಲೀಡರ್. ನೀವು ಆಗ ಅಂದಿದ್ರ ಛಲೋ ಇತ್ತು. ಈಗ ನಂಗ ಒಬ್ಬಾವನೇ ಉಣ್ಣೋದು ರೂಢಿ ಬಿದ್ದದ. ಮನಿಯಾಗೂ ಗೋಡಿ ಕಡಿ ಮಾರಿ ಮಾಡಿ ಕುಂತು ಉಣ್ತೇನಿ. ಮಕ್ಕಳು ಮೊದಲ ನಗ್ತಿದ್ವು, ಈಗ ಅವಕ್ಕೂ ರೂಢಿ ಆಗ್ಯಾದ." ದನಿ ಎತ್ತದೆ, ಬೇರೆ ಯಾರದೋ ಸುದ್ದಿಯಂತೆ ಹೇಳಿದ. ಮಜ್ಜಿಗೆ ಬಂತು, ಕುಡಿದೆವು. ಬುತ್ತಿ ಬಿಚ್ಚಲಿಲ್ಲ. ಬಸ್ಸಿನ ತನಕ ಬಂದು, ನಮಸ್ಕಾರ ಮಾಡಿ, ಕಳಿಸಿಕೊಟ್ಟ.

ಭಾಲ್ಕಿ ಬರುವ ತನಕ ವಿಠ್ಠಲರಾವ್ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಇಳಿಯುವಾಗ ನನ್ನ ರಟ್ಟೆ ಹಿಡಿದು, "ನನ್ನ ಮಗಳೂ ಹಂಗೇ ಆಗ್ತಾಳೇನು ಸಲೀಂ ಭಾಯಿ?" ಅಂದರು. "ಹುಚ್ಚು ಮಾತು" ಎಂದು ಬೈದೆ. ಬೈಗುಳಕ್ಕೆ ನಗುವ ಮನುಷ್ಯ ಅಂದು ನಗಲಿಲ್ಲ.

ಅಲ್ಲಿಂದ ಮುಂದೆ ಹೋಟೆಲಿನಲ್ಲಿ ಕೆನಡಾ ಮುಗಿಯಿತು. ಬರುತ್ತಿದ್ದರು, ಚಹಾ ಕುಡಿಯುತ್ತಿದ್ದರು, ಹೋಗುತ್ತಿದ್ದರು. ಜಲೀಲ್ ತಾನೇ ಎಳೆಯಲು ನೋಡಿದ. "ರಾವಸಾಬ, ಅಂಚಿಯವರದು ಮತ್ತ ಏನೋ ಶುರು ಆಗ್ಯಾದಂತ, ಮೊಬೈಲದಾಗ ಬಂದದ. ನಿಮ್ಮ ವಿಚಾರ ಏನು?" ಇವರು ಬಸಿಯನ್ನು ನೋಡುತ್ತ, "ಹೊರಗ ನಿಂತು ಹೇಳೋದು ಸಸ್ತಾ ಅದಪ್ಪ" ಅಂದರು. ಯಾರಿಗೂ ಏನೂ ತಿಳಿಯಲಿಲ್ಲ. ವಯಸ್ಸಾಯ್ತು, ಉಮೇದಿ ಹೋಗ್ಯಾದ ಎಂದು ತಾವೇ ಸಮಾಧಾನ ಮಾಡಿಕೊಂಡರು. ಡಿಪೋದ ಹೊಸ ಹುಡುಗರು ಯೂನಿಯನ್ ಸಭೆಗೆ ಕರೆಯಲು ಬಂದರೆ, ಆರಾಮಿಲ್ಲ ಎಂದು ಹೇಳಿ ಕಳಿಸಿದರು. ಮಗಳ ಜೊತೆ ಮಾತ್ರ ಮೊದಲಿನಂತೆಯೇ ಗಟ್ಟಿ ದನಿಯಲ್ಲಿ ಮಾತಾಡುತ್ತಿದ್ದರು. ಅವಳ ಮುಂದೆ ಒಂದು ದಿನವೂ ಈ ಸಂಕಟ ತೋರಿಸಲಿಲ್ಲ. ಫೋನ್ ಇಟ್ಟ ಕೂಡಲೇ ಮುಖ ಇಳಿದುಹೋಗುತ್ತಿತ್ತು.

ಬೇಸಿಗೆಯಲ್ಲಿ ಎದೆ ನೋವೆಂದು ಬೀದರಿನ ದವಾಖಾನೆಗೆ ಸೇರಿಸಿದೆವು. ಮಗಳಿಗೆ ಹೇಳಿದೆ, ಅವಳು ಟಿಕೆಟಿಗೆ ಓಡಾಡುತ್ತಿದ್ದಳು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅಲ್ಲಿಯೇ. ಮೂಸಂಬಿ ಸುಲಿದು ಕೊಟ್ಟರೆ ಕೈಯಲ್ಲಿ ಹಿಡಿದುಕೊಂಡು ಹಾಗೇ ಕೂತರು. "ನಾ ಅಷ್ಟು ವರ್ಷ ಯೂನಿಯನ್ ಮಾಡಿದ್ದು ಖರೇ ಇತ್ತೇನು ಸಲೀಂ ಭಾಯಿ? ಮಗಳ ಪಾಳಿ ಬಂದಾಗ ನಾನೇ ನಿಲ್ಲಲಿಲ್ಲ. ನಿಂತಾಕಿಗೂ ಹಿಂದ ಸರಿಸಿ ಒಳಗ ಕಳಿಸಿದೆ."

"ಖರೇ ಇತ್ತರಿ. ನೂರಕ್ಕ ನೂರು ಖರೇ ಇತ್ತು" ಅಂದೆ.

"ಅಕಿ ನಿಲ್ತಿದ್ಳು. ಗಟ್ಟಿ ಹುಡುಗಿ ಅದಾಳ. ನಾನೇ ಕೆಡಿಸಿದೆ" ಅಂದರು. ಮರುದಿನ ನಸುಕಿನಲ್ಲಿ ಹೋಗಿಬಿಟ್ಟರು.

ಸುಜಾತಾ ಬರುವ ತನಕ ಇಟ್ಟುಕೊಂಡು ಮಣ್ಣು ಮಾಡಿದೆವು. ಡಿಪೋದ ಮಂದಿಯೆಲ್ಲ ಬಂದಿದ್ದರು. ಖಟಕ ಚಿಂಚೋಳಿಯ ಶಿವರಾಜನೂ ಬಂದು, ದೂರ ನಿಂತು, ಮಣ್ಣು ಹಾಕಿ ಹೋದ.

ವಾರದ ಮೇಲೆ ಸುಜಾತಾ ಪ್ರೆಸ್ಸಿಗೆ ಬಂದಳು. ಪುಣ್ಯಸ್ಮರಣೆಯ ಪತ್ರಿಕೆ ಮಾಡಿಸಬೇಕಿತ್ತು. ಅಪ್ಪ ಕೂಡುತ್ತಿದ್ದ ಕುರ್ಚಿಯಲ್ಲೇ ಕೂತಳು, ಅವಳಿಗದು ಗೊತ್ತಿರಲಿಲ್ಲ. "ಛಲೋ ಫೋಟೊ ಒಂದೂ ಇಲ್ಲರಿ ಚಾಚಾ, ಎಲ್ಲಾದರಾಗೂ ಕಣ್ಣು ಮುಚ್ಯಾರ" ಎನ್ನುತ್ತ ಮೊಬೈಲಿನಲ್ಲಿ ಒಂದೊಂದೇ ಸರಿಸತೊಡಗಿದಳು. ನಾನು ಕನ್ನಡಕ ಏರಿಸಿಕೊಂಡು ಬಗ್ಗಿ ನೋಡುತ್ತಿದ್ದೆ. ನಡುವೆ ಒಂದು ಫೋಟೊ ಬಂತು. ಸುತ್ತ ಬರ್ಫು, ದಪ್ಪ ಕೋಟು ಹಾಕಿಕೊಂಡ ಹೆಂಗಸರು, ಎಲ್ಲರ ಕೈಯಲ್ಲೂ ಬೋರ್ಡು. ನಡುವೆ ಸುಜಾತಾ, ಕೈ ಮೇಲೆತ್ತಿ, ಬಾಯಿ ದೊಡ್ಡದಾಗಿ ತೆರೆದು ಘೋಷಣೆ ಕೂಗುತ್ತಿದ್ದಾಳೆ.

"ಇದೇನು ಬೇಟಾ?"

"ನಮ್ಮ ಹರತಾಳದ್ದರಿ."

"ನೀ ಒಳಗ ಹೋಗಿದ್ದಿಯಲ್ಲ?"

ಅವಳು ತಲೆ ತಗ್ಗಿಸಿದಳು. "ಒಂದಿನಾನೂ ಹೋಗಿಲ್ಲ ಚಾಚಾ. ಹ್ಯಾಂಗ ಹೋಗ್ಲಿ, ಅವರ ಮಗಳಾಗಿ? ಅಪ್ಪ ಭಾಳ ಅಂಜಿದ್ರು, ಅದಕ್ಕ ಹೋಗ್ತೇನಿ ಅಂತ ಸುಳ್ಳ ಹೇಳ್ದೆ. ಅವರು ದಿನಾ ಊಟ ಯಾರ ಜೋಡಿ ಮಾಡ್ದಿ ಅಂತ ಕೇಳೋರು. ಯಾರದರೆ ಹೆಸರು ಹೇಳಿದ್ರ ಅವರ ಮ್ಯಾಲ ನೂರು ಸವಾಲ್ ಕೇಳ್ತಾರ, ನಾ ಸಿಕ್ಕಿ ಬೀಳ್ತೇನಿ. ಅದಕ್ಕ ಒಬ್ಬಾಕೇ ಅಂತ ಅಂದುಬಿಡ್ತಿದ್ದೆ."

ಶಿವರಾಜನ ಕತೆ ಅವಳಿಗೆ ಗೊತ್ತಿಲ್ಲ, ಅಪ್ಪ ಹೇಳಿರಲಿಲ್ಲ. ಇಡೀ ಭಾಲ್ಕಿಗೆ ಎದೆ ಉಬ್ಬಿಸಿಕೊಂಡು ತೋರಿಸಬಹುದಾಗಿದ್ದ ಫೋಟೊ ಇದು. ಆ ಮನುಷ್ಯ ಇದನ್ನು ನೋಡಿದ್ದರೆ ಇನ್ನೂ ಹತ್ತು ವರ್ಷ ನಮ್ಮ ತಲೆ ತಿಂದುಕೊಂಡು ಇರುತ್ತಿದ್ದರು ಎಂದು ಇವತ್ತಿಗೂ ನನಗೆ ಅನ್ನಿಸುತ್ತದೆ.

ಸುಜಾತಾ ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ, ಇಕಿ ಫಿಲಿಪೈನ್ಸ್‌ದಾಕಿ, ಇಕಿ ಪಂಜಾಬಿ, ಇಕಿ ಅಲ್ಲಿಂದಾಕೇ ಎಂದು ಒಬ್ಬೊಬ್ಬರನ್ನೇ ತೋರಿಸಿದಳು. ಊರಿಗೆ ಬಂದ ಮೇಲೆ ಮೊದಲ ಸಲ ಅವಳ ಮುಖದಲ್ಲಿ ನಗು ಕಂಡಿತು. ಆ ನಗುವಿನಲ್ಲೇ, ಎಂದಿನ ರೂಢಿಯಂತೆ ದನಿ ತಗ್ಗಿಸಿ, "ಅಪ್ಪಗ ಮಾತ್ರ ಹೇಳಬ್ಯಾಡ್ರಿ ಚಾಚಾ, ಸುಮ್ಮ ಜೀವಕ್ಕ ಹಚ್ಕೋತಾರ" ಅಂದಳು.

ಅಂದ ಮೇಲೆ ತನ್ನ ಮಾತು ತನಗೇ ಕೇಳಿಸಿ, ಮೊಬೈಲನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟಳು.

"ಹೇಳಂಗಿಲ್ಲ ಬೇಟಾ" ಅಂದೆ.